ಯಾರ ಕೈಲೂ ಬರೆಸಲಾಗದ ಪತ್ರ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಈ ಕೆಲಸದಿಂದ ನನಗೆ ಅಂಟಿಕೊಂಡ ದೊಡ್ಡ ರೋಗವೆಂದರೆ, ಎಲ್ಲ ನನಗೇ ಗೊತ್ತು ಅನ್ನುವುದು. ಮನೆಯಲ್ಲಿ ಮಿಕ್ಸಿ ಕೆಟ್ಟರೆ ನಾನೇ ಬಿಚ್ಚುತ್ತೇನೆ, ಫ್ಯಾನು ನಿಂತರೆ ನಾನೇ ಸ್ಟೂಲು ಹತ್ತುತ್ತೇನೆ, ಬಿಚ್ಚಿದ್ದು ಮತ್ತೆ ಕೂಡದಿದ್ದರೆ ಅದನ್ನು ತಯಾರಿಸಿದವರನ್ನು ಬೈಯುತ್ತೇನೆ. ಹೀಗಾಗಿ ದೊಡ್ಡವ್ವ ತನಗೊಂದು ಕಂಪ್ಯೂಟರ್ ಬೇಕು ಅಂದಾಗ, ಸಿದ್ಧವಾದದ್ದನ್ನು ಅಂಗಡಿಯಿಂದ ತರುವ ವಿಚಾರವೇ ನನ್ನ ತಲೆಗೆ ಬರಲಿಲ್ಲ. "ನಾನ ಬಿಡಿ ಸಾಮಾನು ತಂದು ಕೂಡಿಸಿ ಕೊಡ್ತೀನಿ ಬೇ, ಲಿನಕ್ಸ್ ಹಾಕಿ ಕೊಡ್ತೀನಿ" ಅಂದುಬಿಟ್ಟೆ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶದ ಈ ಲಿನಕ್ಸ್ ಅನ್ನುವ ಹೆಸರಿನಿಂದ ದೊಡ್ಡವ್ವನಿಗೆ ಏನೂ ಆಗಲಿಲ್ಲ. ಹೇಳುವಾಗ ನನ್ನ ಎದೆ ಮಾತ್ರ ಚೂರು ಉಬ್ಬಿತು.

ನವಲಗುಂದದ ನಮ್ಮ ಮನೆಯಲ್ಲಿ ಇರುವವರು ಮೂವರು ಹೆಂಗಸರು. ದೊಡ್ಡವ್ವ, ಅವಳ ತಂಗಿಯಾದ ನನ್ನ ಅವ್ವ, ಮತ್ತು ನಾನು. ದೊಡ್ಡವ್ವ ಮದುವೆಯಾಗಲಿಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿ ಸೇರಿದವಳು ನಿವೃತ್ತಿಯವರೆಗೂ ಆ ಕುರ್ಚಿ ಬಿಡಲಿಲ್ಲ. ಚಿಕ್ಕವಳಿದ್ದಾಗ ನಾನು ಅವಳಿಗೆ ಊಟದ ಡಬ್ಬಿ ಕೊಡಲು ಹೋಗುತ್ತಿದ್ದೆ. ಕಚೇರಿಯ ಮೆಟ್ಟಿಲಿನಲ್ಲೇ ಅವಳ ಟೈಪ್‌ರೈಟರಿನ ಸದ್ದು ಕೇಳುತ್ತಿತ್ತು. ಅವಳು ಕೀಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಎಡಗಡೆಯ ಕಾಗದದ ಮೇಲೆ, ಬಾಯಿಯಲ್ಲಿ ಬಾಜೂ ಟೇಬಲ್ಲಿನವರೊಡನೆ ಮಾತು, ಬೆರಳುಗಳದು ಬೇರೆಯೇ ಸಂಸಾರ.

ಏಳು ವರ್ಷದ ಹಿಂದೆ ಆ ಕಣ್ಣುಗಳು ಪೂರ್ತಿ ಹೋದವು. ಕಣ್ಣಿನೊಳಗೆ ಒತ್ತಡ ಹೆಚ್ಚುವ ರೋಗ. ಅಂಚಿನಿಂದ ಕತ್ತಲಾಗುತ್ತ ಬಂದು ಕಡೆಗೆ ನಡುವೆ ಉಳಿದ ಕಿಂಡಿಯೂ ಮುಚ್ಚಿತು. ಅಲ್ಲಿಂದ ಅವಳ ಓದು ಬರಹವೆಲ್ಲ ಅವ್ವನ ಮೇಲೆ ಬಿತ್ತು. ಅವ್ವ ಬೆಳಿಗ್ಗೆ ಪೂಜೆ ಮುಗಿಸಿ, ಕಟ್ಟೆಯ ಮೇಲೆ ಕೂತು, ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ. ಶ್ರದ್ಧಾಂಜಲಿಯನ್ನೂ ಬಿಡುವುದಿಲ್ಲ, ಟ್ರ್ಯಾಕ್ಟರಿನ ಜಾಹೀರಾತನ್ನೂ ಬಿಡುವುದಿಲ್ಲ. ದೊಡ್ಡವ್ವನಿಗೆ ಬಂದ ಕಾಗದ ಒಡೆದು ಓದುವವಳು ಅವ್ವ, ಉತ್ತರ ಬರೆಯುವವಳು ಅವ್ವ, ಅಂಚೆ ಪೆಟ್ಟಿಗೆಗೆ ಹಾಕುವವಳೂ ಅವ್ವ. ಒಂದು ದಿನವೂ ಬೇಸರ ಮಾಡಿಕೊಂಡವಳಲ್ಲ.

ಅವ್ವ ಮಠಕ್ಕೆ ಹೋಗಿದ್ದ ಒಂದು ಸೋಮವಾರ ಬೆಳಿಗ್ಗೆ ದೊಡ್ಡವ್ವ ನನ್ನನ್ನು ಕರೆದು ಹತ್ತಿರ ಕೂರಿಸಿಕೊಂಡಳು.

"ನಾ ಒಂದು ಪತ್ರ ಬರೀಬೇಕಾಗೇತಿ. ಅದನ್ನ ಯಾರ ಕೈಲೂ ಬರಸಾಕ ಬರೂದಿಲ್ಲ" ಅಂದಳು.

"ಫೋನಿನ್ಯಾಗ ಮಾತಾಡಿದ್ರ ಅದ ಬರಕೋತೈತಿ ಬೇ ದೊಡ್ಡವ್ವ. ಕಲಸ್ತೀನಿ, ಬಾ."

"ಬಾಯಿಲೆ ಹೇಳೂವಂಗಿದ್ರ ಇಷ್ಟ ವರ್ಷ ಯಾಕ ಸುಮ್ನ ಕೂಡ್ತಿದ್ನಿ? ಈ ಮನ್ಯಾಗ ನಾ ಕೆಮ್ಮಿದ್ರ ಅಡಗಿಮನ್ಯಾಗಿಂದ ನಿಮ್ಮವ್ವ ನೀರು ತರ್ತಾಳ. ನನಗ ಕೀಲಿ ಬೇಕು. ಒತ್ತಿದ್ರ ಕೆಳಗ ಹೋಗಿ ಮ್ಯಾಲ ಬರೂ ಕೀಲಿ. ನಿನ್ನ ಫೋನಿಂದು ಬರೇ ಗಾಜು."

ಆಮೇಲೆ ಧ್ವನಿ ತಗ್ಗಿಸಿ, "ದಿನಾ ಮಲಗೂ ಮೊದಲ ತೊಡಿ ಮ್ಯಾಲ ಬೆರಳು ಆಡಸ್ತೀನವಾ. ಒಂದೆರಡು ಅಕ್ಷರ ಎಲ್ಲಿ ಅದಾವ ಅಂತ ಈಗೀಗ ಹುಡುಕಬೇಕಾಗೇತಿ. ಬೆರಳು ಮರಿಯೂದರಾಗ ಬರೀಬೇಕು" ಅಂದಳು.

ಕೌದಿಯ ಮೇಲೆ ಅವಳ ಬೆರಳು ಕುಣಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ವಯಸ್ಸಿನ ನಡುಕ ಅಂದುಕೊಂಡಿದ್ದೆ. ಎಲ್ಲ ಗೊತ್ತಿರುವವಳ ಹಣೆಬರಹ ಇಷ್ಟೇ.

"ಯಾರಿಗೆ ಬರಿಯೂದು?" ಅಂತ ಕೇಳಿದೆ.

"ನಿನಗ್ಯಾಕ?" ಅಂದಳು.

ಹಾಗೆ ಅಂದ ಮೇಲೆ ನನ್ನ ತಲೆ ಸುಮ್ಮನಿರುತ್ತದೆಯೆ? ಅವಳ ಕಚೇರಿಯಿಂದ ಬಹಳ ಹಿಂದೆ ಕಲಘಟಗಿಗೆ ವರ್ಗವಾಗಿ ಹೋದ ಒಬ್ಬ ಗುಮಾಸ್ತರಿದ್ದರು. ತುಂಬ ಒಳ್ಳೆಯ ಅಕ್ಷರದವರು ಅಂತ ದೊಡ್ಡವ್ವ ಒಂದೆರಡು ಸಲ ಹೊಗಳಿದ್ದು ನೆನಪಿತ್ತು. ನಾನು ಅಷ್ಟಕ್ಕೇ ಒಂದು ದೊಡ್ಡ ಕಥೆ ಕಟ್ಟಿಕೊಂಡು, ಅದೇ ಹುರುಪಿನಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ. ಅಂಗಡಿಯವನಿಗೆ ಪಟ್ಟಿ ಕೊಟ್ಟು, ಒಂದೊಂದೂ ಪೆಟ್ಟಿಗೆ ಎಣಿಸಿಕೊಂಡು, ತಿರುಗಿ ಬರುವಾಗ ಎಲ್ಲ ಬಿಡಿಭಾಗ ಕೂರುವ ಮದರ್‌ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರು "ತತ್ತಿ ಅದಾವೇನ್ರಿ ಅಕ್ಕಾರ?" ಅಂತ ಕೇಳಿದರು.

ಕೂಡಿಸಲು ಹಿಡಿದದ್ದು ಭಾನುವಾರ ಬೆಳಿಗ್ಗೆ. ಪಡಸಾಲೆಯಲ್ಲಿ ಜಮಖಾನ ಹಾಸಿ, ಒಂದೊಂದೇ ಸಾಮಾನನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಹಾಕುವ ಕ್ರಮದಲ್ಲಿ ಸಾಲಾಗಿ ಇಟ್ಟೆ. ದೊಡ್ಡವ್ವ ಕುರ್ಚಿ ಎಳೆದುಕೊಂಡು ಬಂದು ಕೂತಳು. ನಾನು ಅವಳ ಅಂಗೈಯಲ್ಲಿ ಪ್ರೊಸೆಸರನ್ನು ಇಟ್ಟೆ. ಬಿಸ್ಕತ್ತಿಗಿಂತ ಸಣ್ಣದು. ಅಂಚಿನಲ್ಲಿ ಹಿಡಿದು ತಿರುಗಿಸಿ, "ಇಷ್ಟ ಏನು?" ಅಂದಳು. "ಇಷ್ಟ. ಎಲ್ಲಾ ವಿಚಾರ ಮಾಡೂದು ಇದ" ಅಂದೆ. ಆಮೇಲೆ ಬೆರಳುದ್ದದ ಮೆಮೊರಿ ಪಟ್ಟಿಯನ್ನು ತೋರಿಸಲು ಹೋಗುವಷ್ಟರಲ್ಲಿ ಹೆಡ್‌ಮಾಸ್ತರರ ಫೋನ್ ಬಂತು. ನಮ್ಮ ಪಡಸಾಲೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಹಿತ್ತಲಿಗೆ ಹೋಗಿ ಕಾಲು ತಾಸು ಮಾತಾಡಿ ಬಂದೆ. ಬರುವಷ್ಟರಲ್ಲಿ ಕಂಪ್ಯೂಟರಿನ ದೊಡ್ಡ ಕರಿ ಡಬ್ಬಿಯ ಹಣೆಗೆ ಮೂರು ಬೆರಳಿನ ವಿಭೂತಿ ಬಿದ್ದಿತ್ತು. ನಡುವೆ ಒಂದು ಕುಂಕುಮದ ಬೊಟ್ಟು.

ಅವ್ವನ ಕೆಲಸ. ಮನೆಗೆ ಹೊಸದಾಗಿ ಏನು ಬಂದರೂ ಮೊದಲು ವಿಭೂತಿ ಆಗಬೇಕು, ಆಮೇಲೆ ಬಳಕೆ. ಗ್ಯಾಸ್ ಸಿಲಿಂಡರಿಗೆ ವಿಭೂತಿ, ನನ್ನ ಸ್ಕೂಟಿಗೆ ವಿಭೂತಿ, ಒಮ್ಮೆ ನಾನು ತಿದ್ದಲು ತಂದ ಉತ್ತರಪತ್ರಿಕೆಗಳ ಕಟ್ಟಿಗೂ ವಿಭೂತಿ. ಆ ವರ್ಷ ಆ ವರ್ಗದ ಫಲಿತಾಂಶ ಚೆನ್ನಾಗಿ ಬಂತು ಅಂತ ಅವಳು ಇನ್ನೂ ಹೇಳುತ್ತಾಳೆ. ನಾನು ಡಬ್ಬಿ ನೋಡಿ ನಕ್ಕು ಸುಮ್ಮನಾದೆ. ಡಬ್ಬಿಗೆ ಹಚ್ಚಿದ್ದರಿಂದ ಯಾರಿಗೇನು ತೊಂದರೆ?

ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿತು. ಗುಂಡಿ ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ನಾನು ಹಾಕಿದ ಸ್ಕ್ರೂಗಳಿಂದಲೇ ನಿಂತ ಯಂತ್ರ ಉಸಿರಾಡತೊಡಗಿದಾಗ ನನಗಾದ ಸಂತೋಷ ಇಷ್ಟಿಷ್ಟಲ್ಲ. ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಹಾಕಲು ಶುರುಮಾಡಿದೆ. ಕಣ್ಣಿಲ್ಲದವರಿಗಾಗಿ ಪರದೆಯ ಮೇಲಿನದನ್ನು ಓದಿ ಹೇಳುವ ಒಂದು ಸೌಲಭ್ಯ ಅದರೊಳಗೇ ಇರುತ್ತದೆ. ಅದನ್ನೂ ಶುರುಮಾಡಿದೆ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಮಾತಾಡತೊಡಗಿತು. ಈಗ ಇಷ್ಟು ಭಾಗ ಮುಗಿಯಿತು, ಈಗ ಇಷ್ಟು ಮುಗಿಯಿತು ಅಂತ ನೂರರ ಲೆಕ್ಕದಲ್ಲಿ ಹೇಳುತ್ತ ಹೋಯಿತು. ದೊಡ್ಡವ್ವ ತಲೆ ಬಾಗಿಸಿ ಕೇಳುತ್ತಿದ್ದಳು. ಮೂವತ್ತೊಂದು ಅಂದಿದ್ದೇ ನಿಂತಿತು. ಮೌಸ್ ಸರಿಯದು, ಕೀಲಿ ಒತ್ತಿದರೆ ಕೇಳದು.

"ಯಾಕ, ಗಪ್ಪಾತಲ್ಲ?" ಅಂದಳು ದೊಡ್ಡವ್ವ.

"ಹೊಸಾದು. ಒಮ್ಮೊಮ್ಮೆ ಹಂಗ" ಅಂದೆ, ದಿನಕ್ಕೆ ಹತ್ತು ಕಂಪ್ಯೂಟರ್ ಕೂಡಿಸುವವಳ ಹಾಗೆ.

ಆರಿಸಿ ಮತ್ತೆ ಹಚ್ಚಿದೆ. ಈ ಸಲ ಎಪ್ಪತ್ತರವರೆಗೆ ಹೋಗಿ, ಯಾವುದೋ ಕಡತ ಬಿಚ್ಚಲು ಬರಲಿಲ್ಲ ಅಂತ ತಪ್ಪು ತೋರಿಸಿ ಕೈಚೆಲ್ಲಿತು. ಮೂರನೆಯ ಸಲ ಹನ್ನೆರಡಕ್ಕೇ ತಾನೇ ಆರಿ ತಾನೇ ಹತ್ತಿಕೊಂಡಿತು. ನಾನು ಪೆನ್‌ಡ್ರೈವನ್ನು ಅನುಮಾನಿಸಿದೆ. ಬೇರೆ ಪೆನ್‌ಡ್ರೈವ್ ತಂದೆ. ಆಮೇಲೆ ಇಳಿಸಿಕೊಂಡ ಕಡತವನ್ನೇ ಅನುಮಾನಿಸಿ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮತ್ತೆ ಇಳಿಸಿಕೊಂಡೆ. ಅದು ಇಳಿಯುವ ತನಕ ಊಟ ಮುಗಿಯಿತು. ಕಡತ ಸರಿಯಿದೆಯೋ ಇಲ್ಲವೋ ಅಂತ ತಾಳೆ ನೋಡಲು ಅಂಕಿ ಅಕ್ಷರಗಳ ಒಂದು ಉದ್ದನೆಯ ಸಾಲು ಇರುತ್ತದೆ. ಅದನ್ನೂ ಬೆರಳಿಟ್ಟು ನೋಡಿದೆ. ಒಂದಕ್ಷರ ತಪ್ಪಿರಲಿಲ್ಲ. ಹಾಗಾದರೆ ತಪ್ಪು ಡಿಸ್ಕಿನದು ಅಂದುಕೊಂಡು ಅದನ್ನು ಬಿಚ್ಚಿ ಮತ್ತೆ ಕೂರಿಸಿದೆ. ನಾಲ್ಕನೆಯ ಸಲ ಐವತ್ತಾರಕ್ಕೆ ನಿಂತಿತು.

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ಸ್ಕ್ರೂಡ್ರೈವರನ್ನು ಜಮಖಾನದ ಮೇಲೆ ಎಸೆದು, "ಹಾಳಾಗಿ ಹೋಗ್ಲಿ. ಇದು ನನ್ನ ಹಣ್ಯಾಗ ಬರದಿಲ್ಲ" ಅಂದೆ. ಅವ್ವ ಒಳಗಿನಿಂದ ಬಂದು ನನ್ನ ಮುಖ ನೋಡಿ, ಚಹಾ ಇಟ್ಟು ಹೋದಳು.

ದೊಡ್ಡವ್ವ ಕುರ್ಚಿಯಲ್ಲೇ ಕೂತಿದ್ದಳು. ಚಹಾ ಕುಡಿದು ಕಪ್ಪು ಕೆಳಗಿಟ್ಟಳು.

"ನಾಕೂ ಸಲ ಬ್ಯಾರೆ ಬ್ಯಾರೆ ಕಡೆ ನಿಂತು, ಹೌದಿಲ್ಲೋ? ಮೂವತ್ತೊಂದು, ಎಪ್ಪತ್ತು, ಹನ್ನೆರಡು, ಐವತ್ತಾರು" ಅಂದಳು.

"ಹೌದು. ಅದಕ್ಕ ತಲಿ ಕೆಟ್ಟೈತಿ ನಂದು."

"ಮಷೀನಿನ್ಯಾಗ ಒಂದು ಕೀಲಿ ಕೆಟ್ಟಿದ್ರ ಅದ ಒಂದಕ್ಷರ ಕೆಡ್ತೈತಿ. ಯಾವಾಗ ಹೊಡದ್ರೂ ಅದ. ಆದ್ರ ಇವತ್ತ 'ಕ' ಕೆಟ್ಟು, ನಾಳಿ 'ಮ' ಕೆಟ್ಟು, ನಾಡ್ದ ಇನ್ನೊಂದು ಕೆಟ್ರ, ತಪ್ಪು ಕೀಲೀದಲ್ಲ. ಎಲ್ಲಾ ಕೀಲಿ ಬಂದು ಬಡಿಯೂ ಜಾಗಾದ್ದು. ಕಾಗದದ ಹಿಂದಿನ ರಬ್ಬರ್ ರೂಳಿಂದು. ನಿನ್ನ ಈ ಡಬ್ಬಿಯೊಳಗ ಎಲ್ಲಾನೂ ಬಂದು ಬಡಿಯೂ ಜಾಗಾ ಯಾವುದೈತಿ ನೋಡು."

 ಡಿಸ್ಕಿನಿಂದ ಬರಲಿ, ಪೆನ್‌ಡ್ರೈವಿನಿಂದ ಬರಲಿ, ಯಂತ್ರದೊಳಗೆ ಯಾವುದೇ ಕಡತ ಬಂದರೂ ಮೊದಲು ಕೂರುವುದು ಮೆಮೊರಿಯಲ್ಲಿ. ಕಂಪ್ಯೂಟರಿನ ಒಳಗನ್ನು ಕಣ್ಣಿಂದ ಕಾಣದ, ಮುಟ್ಟಿಯೂ ತಿಳಿಯದ ಮುದುಕಿ ನಾಲ್ಕು ಅಂಕಿ ಕೇಳಿ ನೇರ ಅಲ್ಲಿಗೇ ಹೋಗಿ ನಿಂತಿದ್ದಳು. ನಾನು ಮೂರು ತಾಸಿನಿಂದ ಒಂದೊಂದೇ ಕೀಲಿ ಬಿಚ್ಚಿ ನೋಡುತ್ತಿದ್ದೆ.  ನಾಚಿಕೆಯಾಯಿತು, ಅದನ್ನೇಕೆ ಮುಚ್ಚಿಡಲಿ.

ಪೆನ್‌ಡ್ರೈವಿನ ಮೊದಲ ಪರದೆಯಲ್ಲೇ ಮೆಮೊರಿ ಪರೀಕ್ಷಿಸುವ ಒಂದು ಸಣ್ಣ ತಂತ್ರಾಂಶವಿರುತ್ತದೆ. ಅದನ್ನು ಹಚ್ಚಿದೆ. ಅದು ಮೆಮೊರಿಯ ಕೋಟಿ ಕೋಟಿ ಮನೆಗಳಿಗೂ ಒಂದೊಂದು ಗುರುತು ಬರೆದು ಬರುತ್ತದೆ, ತಿರುಗಿ ಹೋಗಿ ಬರೆದದ್ದು ಹಾಗೇ ಇದೆಯೋ ಅಂತ ಓದಿ ನೋಡುತ್ತದೆ. ನಾವು ಒಂದು ಗುಟುಕು ನೀರು ಕುಡಿಯುವುದರೊಳಗೆ ಎಷ್ಟು ಮನೆ ತಿರುಗಿ ಬಂದಿರುತ್ತದೋ. ಇಷ್ಟು ಕೆಲಸವನ್ನು ಒಂದು ಬೆರಳುದ್ದದ ಪಟ್ಟಿ ಸದ್ದಿಲ್ಲದೆ ಮಾಡುವುದನ್ನು ನೆನೆದರೆ ನನಗೆ ಇವತ್ತಿಗೂ ಸೋಜಿಗ. ಮಕ್ಕಳಿಗೆ ಪಾಠ ಹೇಳುವಾಗ ಇದನ್ನು ಸಲೀಸಾಗಿ ಹೇಳಿ ಮುಗಿಸುತ್ತಿದ್ದೆ. ಆ ದಿನ ಎದುರಿಗೆ ಕೂತು ನೋಡಿದಾಗ ಹಾಗೆ ಹೇಳಿದ್ದು ತಪ್ಪು ಅನಿಸಿತು.

ಎರಡು ನಿಮಿಷ ಕಳೆಯಿತು. ಪರದೆಯ ಮೇಲೆ ಒಂದು ಕೆಂಪು ಸಾಲು ಬಂತು. ಮತ್ತೊಂದು, ಮತ್ತೊಂದು. ಆಮೇಲೆ ಪರದೆ ತುಂಬ ಕೆಂಪು.

"ಕೆಂಪು ಬಂತು ಬೇ ದೊಡ್ಡವ್ವ. ನೀ ಹೇಳಿದ್ದ ಖರೆ" ಅಂದೆ.

ಅವಳು ಹಿಗ್ಗಲಿಲ್ಲ. "ಹಂಗಾರ ಈಗ ಏನು ಮಾಡೂದು?" ಅಂದಳು.

ಮಾಡುವುದೇನು, ಹಿತ್ತಲ ಬಾಗಿಲಲ್ಲಿ ನಿಂತು, ಸ್ಪೀಕರ್ ಹಚ್ಚಿ, ಅಂಗಡಿಯವನಿಗೆ ಫೋನ್ ಮಾಡಿ ಜಗಳ ತೆಗೆದೆ. ಕೆಟ್ಟ ಮಾಲು ಕೊಟ್ಟಿದ್ದೀರಿ, ಹಳ್ಳಿಯವರು ಅಂದರೆ ಹೀಗೇನು, ನಾಳೆಯೇ ಬದಲಿ ಕೊಡಬೇಕು, ಹಾಗೆ ಹೀಗೆ. ಅವನು ಪಾಪ, "ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ತಂದು ಕೊಡ್ರಿ, ನಾವು ಕಂಪನಿಗೆ ಕಳಸ್ತೀವ್ರಿ. ಹದಿನೈದ ದಿವಸ, ಭಾಳ ಅಂದ್ರ ಒಂದ ತಿಂಗಳು ಆಗಬಹುದ್ರಿ" ಅಂದ. ನಾನು ಇನ್ನೂ ಜೋರು ಮಾಡಿ ಫೋನ್ ಇಟ್ಟೆ.

ಒಂದು ತಿಂಗಳು ಅಂದದ್ದು ದೊಡ್ಡವ್ವನಿಗೂ ಕೇಳಿಸಿತ್ತು. ಅವಳ ಬಲಗೈ ಬೆರಳುಗಳು ಸೀರೆಯ ಮೇಲೆ ಒಮ್ಮೆ ಆಡಿ, ನಡುವೆ ಒಂದು ಕಡೆ ತಡವರಿಸಿ ನಿಂತವು. ಯಾವುದೋ ಒಂದಕ್ಷರ ಸಿಗಲಿಲ್ಲ.  ಏಳು ವರ್ಷ ಕಾದವಳಿಗೆ ಒಂದು ತಿಂಗಳೇನು ದೊಡ್ಡದು ಅಂತ ನಾನು ಹೇಳಬಹುದಿತ್ತು. ಹೇಳಲಿಲ್ಲ, ಸದ್ಯ.

"ಆ ಪಟ್ಟಿ ಬಿಚ್ಚಿ ಇಲ್ಲಿ ಕೊಡು. ಅದನ್ನ ನನಗ ತೋರಸಲೇ ಇಲ್ಲ ನೀ" ಅಂದಳು.

ಕರೆಂಟು ತೆಗೆದು, ಮೆಮೊರಿ ಪಟ್ಟಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ಕಪ್ಪು ಪಟ್ಟಿ, ಕೆಳ ಅಂಚಿನಲ್ಲಿ ಮಾತ್ರ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲು. ಆ ಹಲ್ಲುಗಳ ಮೂಲಕವೇ ಮದರ್‌ಬೋರ್ಡಿನ ಜೊತೆ ಅದರ ಎಲ್ಲ ವ್ಯವಹಾರ. ದೊಡ್ಡವ್ವ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಎಳೆದಳು. ಒಂದು ಕಡೆ ನಿಂತಳು. ಹಿಂದೆ ಬಂದು ಮತ್ತೆ ಎಳೆದಳು. ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ, ಮೂಗಿನ ಹತ್ತಿರ ತಂದಳು.

"ವಿಭೂತಿ" ಅಂದಳು.

ನಾನು ಕಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಮೊದಲು ಏನೂ ಕಾಣಲಿಲ್ಲ. ಓರೆ ಮಾಡಿ ನೋಡಿದಾಗ ಹಲ್ಲುಗಳ ಸಾಲಿನಲ್ಲಿ ಒಂದು ಕಡೆ ತೆಳ್ಳಗೆ ಮಂಜು ಕವಿದ ಹಾಗೆ ಬಿಳುಪು ಕಂಡಿತು. ಕನ್ನಡಕ ಹಾಕಿದ ನನಗೆ ಮೂರು ತಾಸಿನಿಂದ ಕಾಣದ್ದು ಅದು.

"ಅವ್ವಾ!" ಅಂತ ಕೂಗಿದೆ.

ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿದ್ದೇ ಮುಖ ಸಣ್ಣದಾಯಿತು.

"ಒಂದ ಬೊಟ್ಟವಾ. ಜಾಸ್ತಿ ಹಚ್ಚಿಲ್ಲ" ಅಂದಳು. "ಉಳಿದದ್ದೆಲ್ಲಾ ಕಬ್ಬಿಣ, ಪ್ಲಾಸ್ಟಿಕ್ಕು. ಅದೊಂದು ಬಂಗಾರದಂಗ ಹೊಳೀತಿತ್ತು. ಇದರ ಜೀವಾ ಇಲ್ಲೇ ಐತೇನೋ ಅನಿಸ್ತು. ಅಕ್ಕಗ ಬರಿಯಾಕ ತಂದದ್ದು, ಚಲೋ ಆಗ್ಲಿ ಅಂತ ಬೇಡಿಕೊಂಡು ಹಚ್ಚಿದ್ನಿ."

ಬೈಯಲು ಬಾಯಿ ತೆಗೆದವಳು ಹಾಗೇ ಮುಚ್ಚಿದೆ. ಅಷ್ಟು ಸಾಮಾನುಗಳ ಸಾಲಿನಲ್ಲಿ ಅವ್ವ ಆರಿಸಿದ ಜಾಗ ಒಂದಿಷ್ಟೂ ತಪ್ಪಾಗಿರಲಿಲ್ಲ. ಅದರ ಜೀವ ಅಲ್ಲೇ ಇತ್ತು. ಒಬ್ಬಳು ಕೇಳಿಯೇ ಜಾಗ ಹೇಳಿದಳು, ಇನ್ನೊಬ್ಬಳು ಹೊಳಪು ನೋಡಿಯೇ ಜಾಗ ಹಿಡಿದಳು. ನಡುವೆ ವಿಜ್ಞಾನದ ಟೀಚರು ಪೆನ್‌ಡ್ರೈವ್ ಬದಲಿಸುತ್ತ ಕೂತಿದ್ದಳು.

"ಕೆಟ್ಟೇ ಹೋತೇನು?" ಅವ್ವ ನನ್ನ ಕೈಯೊಳಗಿನ ಪಟ್ಟಿಯತ್ತ ಬಾಗಿದಳು. "ನನ್ನ ಕೈಲೇ ಕೆಟ್ಟತೇನ ಅಕ್ಕಾ?"

"ವಿಭೂತಿಲೆ ಯಾವುದರ ಕೆಟ್ಟದ್ದೈತೇನು? ಮುಚ್ಚಿದ್ದು ತಿಕ್ಕಿದ್ರ ಹೋಗ್ತೈತಿ. ನಿನ್ನ ಚೀಲದಾಗ ಹುಡುಗರು ಅಳಸೂ ರಬ್ಬರ್ ಐತೇನಲೇ?" ಅಂತ ದೊಡ್ಡವ್ವ ನನ್ನ ಕಡೆ ತಿರುಗಿದಳು.

ನನ್ನ ಶಾಲೆಯ ಚೀಲದಲ್ಲಿ ಒಂದು ಹೊಸ ರಬ್ಬರ್ ಇತ್ತು. ಮೆಮೊರಿಯ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ ಚೊಕ್ಕ ಮಾಡುತ್ತಾರೆ ಅಂತ ನಾನೂ ಓದಿದ್ದೆ. ಅದನ್ನು ತಂದು ನಾನೇ ತಿಕ್ಕಲು ಹೋದೆ. ದೊಡ್ಡವ್ವ ಬಿಡಲಿಲ್ಲ, ಪಟ್ಟಿ ರಬ್ಬರ್ ಎರಡನ್ನೂ ಇಸಿದುಕೊಂಡಳು. ಕಾರ್ಬನ್ ಪ್ರತಿಯಲ್ಲಿ ಒಂದೇ ಅಕ್ಷರವನ್ನು ಕಾಗದ ಹರಿಯದಂತೆ ಅಳಿಸಿ ಅಳಿಸಿ ಪಳಗಿದ ಕೈ ಅದು. ಪಟ್ಟಿಯನ್ನು ತೊಡೆಯ ಮೇಲಿಟ್ಟು, ಒಂದೇ ದಿಕ್ಕಿಗೆ, ಒಂದೇ ಹದದಲ್ಲಿ ತಿಕ್ಕಿದಳು. ನಡುನಡುವೆ ಬೆರಳಿನಿಂದ ನೋಡಿದಳು. ಎರಡೂ ಬದಿ ಮುಗಿದ ಮೇಲೆ ನಾನು ಮೆತ್ತನೆಯ ಬ್ರಷ್ಷಿನಿಂದ ಪುಡಿ ಕೊಡವಿ, ಅದು ಕೂರುವ ಸಂದಿಯನ್ನೂ ಚೊಕ್ಕ ಮಾಡಿ, ಟಕ್ಕೆನ್ನುವ ತನಕ ಒತ್ತಿ ಕೂರಿಸಿದೆ. ಪರೀಕ್ಷೆ ಮತ್ತೆ ಹಚ್ಚಿದೆ.

ಮೂವರೂ ಕಾದೆವು. ದೊಡ್ಡವ್ವ ಐದು ನಿಮಿಷಕ್ಕೊಮ್ಮೆ "ಕೆಂಪು?" ಅನ್ನುತ್ತಿದ್ದಳು. "ಇಲ್ಲ" ಅನ್ನುತ್ತಿದ್ದೆ. ಅವ್ವ ಪರದೆಯನ್ನು ನೋಡಲೇ ಇಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಪರೀಕ್ಷೆ ಒಂದು ಸುತ್ತು ಪೂರ್ತಿ ತಿರುಗಿ ಬಂತು. ಒಂದೂ ತಪ್ಪಿಲ್ಲ ಅಂತ ಪರದೆ ಹೇಳಿದಾಗ ನಾನು ಅವ್ವನನ್ನು ಅಪ್ಪಿಕೊಂಡೆ. ನಮ್ಮ ಮನೆಯಲ್ಲಿ ಅಪ್ಪಿಕೊಳ್ಳುವ ರೂಢಿ ಇಲ್ಲ. ಅವ್ವ ಗಾಬರಿಯಾಗಿ, "ಬಿಡ ಬೇ, ಕೈ ಹಿಟ್ಟಾಗೇತಿ" ಅಂದಳು.

ಐದನೆಯ ಸಲ ಲಿನಕ್ಸ್ ಮೂವತ್ತೊಂದನ್ನು ದಾಟಿತು, ಎಪ್ಪತ್ತನ್ನು ದಾಟಿತು. ನೂರು ಅಂದಾಗ ದೊಡ್ಡವ್ವ ಕುರ್ಚಿಯ ಕೈಯನ್ನು ಎರಡು ಸಲ ತಟ್ಟಿದಳು. ಇಳಿಹೊತ್ತಿನ ಬಿಸಿಲು ಪಡಸಾಲೆಗೆ ಬರುವ ಹೊತ್ತಿಗೆ ನಾನು ಇಂಗ್ಲಿಷ್ ದನಿ ತೆಗೆದು ಕನ್ನಡದ ದನಿ ಹಾಕಿದೆ. ಅದು ಮಾತಾಡಿದ್ದೇ ದೊಡ್ಡವ್ವ ನಕ್ಕಳು. "ನೆಗಡಿ ಆದಾಂವ ಮಾತಾಡಿದಂಗ ಐತಲ್ಲೇ!" ಅಂದಳು. ಆದರೂ ಕನ್ನಡವೇ. ಆ ನೆಗಡಿಯ ದನಿಯಲ್ಲಿ ನಮ್ಮ ಅಕ್ಷರಗಳು ಒಂದೊಂದಾಗಿ ಬಂದವು.

ಇನ್ನು ಉಳಿದದ್ದು ಕೀಲಿಗಳು. ಯಾವ ಕೀಲಿಗೆ ಯಾವ ಅಕ್ಷರ ಅನ್ನುವ ಕನ್ನಡದ ಈಗಿನ ವಿನ್ಯಾಸಗಳು ಅವಳ ಬೆರಳಿಗೆ ಬರುವುದಿಲ್ಲ. ಪರದೆಯ ಮೇಲಿನ ಹೆಸರುಗಳ ಪಟ್ಟಿಯಲ್ಲಿ ಹುಡುಕುತ್ತ ಹೋದೆ. ನಾಲ್ಕೈದು ವಿನ್ಯಾಸಗಳ ಕೆಳಗೆ ಒಂದು ಸಾಲು ಸಿಕ್ಕಿತು: ಕನ್ನಡ, ಟೈಪ್‌ರೈಟರ್. ಕೈ ಮೌಸಿನ ಮೇಲೇ ನಿಂತಿತು. ಆ ಯಂತ್ರಗಳು ಕಚೇರಿಗಳ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಆದರೂ ಯಾರೋ ಒಬ್ಬರು, ಎಲ್ಲಿಯವರೋ ಏನೋ, ಕೂತು ಆ ಹಳೆಯ ಕೀಲಿಗಳ ಜಾಗವನ್ನು ಒಂದೊಂದಾಗಿ ಬರೆದು, ಬೇಕಾದವರು ತೆಗೆದುಕೊಳ್ಳಲಿ ಅಂತ ಇಟ್ಟು ಹೋಗಿದ್ದರು. ಒಂದು ದಿನ ನವಲಗುಂದದಲ್ಲಿ ಕಣ್ಣಿಲ್ಲದ ಒಬ್ಬ ಹೆಂಗಸಿಗೆ ಇದು ಬೇಕಾಗುತ್ತದೆ ಅಂತ ಅವರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಅವರು ಎದುರಿಗಿದ್ದರೆ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದೆ. ಹೀಗೆ ಅನಿಸಿದ್ದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕೀಲಿಮಣೆಯನ್ನು ಅವಳ ಮುಂದಿಟ್ಟೆ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈ ಎತ್ತಿ, ಬೆರಳುಗಳನ್ನು ನಡುಸಾಲಿನ ಮೇಲೆ ಇಳಿಸಿದಳು. ಒಂದು ಕೀಲಿ ಒತ್ತಿದಳು, ನೆಗಡಿಯ ದನಿ ಅಕ್ಷರ ಹೇಳಿತು. ಎರಡು, ಮೂರು. ಒಂದು ಕಡೆ ತಪ್ಪಿತು, ಅಳಿಸಿದಳು, ಬಾಜೂ ಕೀಲಿ ಒತ್ತಿದಳು. "ಹಾಂ, ಇಲ್ಲಿದ್ದೀಯೇನು ನೀ" ಅಂತ ಆ ಅಕ್ಷರವನ್ನೇ ಮಾತಾಡಿಸಿದಳು. ಹತ್ತು ನಿಮಿಷದಲ್ಲಿ ದನಿಗೆ ಅವಳನ್ನು ಹಿಂಬಾಲಿಸುವುದೇ ಕಷ್ಟವಾಯಿತು. ಚಿಕ್ಕವಳಿದ್ದಾಗ ನಾನು ಊಟದ ಡಬ್ಬಿ ಹಿಡಿದು ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೇಳುತ್ತಿದ್ದ ಓಟ ಅದೇ. ಅವ್ವ ಬಾಗಿಲ ಚೌಕಟ್ಟು ಹಿಡಿದು ಬೆರಗಾಗಿ ನೋಡುತ್ತಿದ್ದಳು.

ದೊಡ್ಡವ್ವ ಕೈ ನಿಲ್ಲಿಸಿದಳು. "ಇದರ ಮಾತು ನನಗಷ್ಟ ಕೇಳೂವಂಗ ಮಾಡು" ಅಂದಳು. ಹೆಡ್‌ಫೋನ್ ಹಾಕಿಕೊಟ್ಟೆ. "ಪರದೆ ಗ್ವಾಡಿ ಕಡೆ ತಿರುಗಿಸು." ಗೋಡೆಯತ್ತ ತಿರುಗಿಸಿದೆ. "ಇನ್ನ ಇಬ್ಬರೂ ಹೊರಗ ನಡೀರಿ."

ನಾವು ಹಿತ್ತಲಲ್ಲಿ ಕೂತೆವು. ಅವ್ವ ಮೊರದಲ್ಲಿ ಜೋಳ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಆರಿಸುತ್ತಿದ್ದಳು ಅನ್ನುವುದಕ್ಕಿಂತ ಜೋಳವನ್ನು ಅತ್ತಿಂದಿತ್ತ ಮಾಡುತ್ತಿದ್ದಳು. ಒಳಗಿನಿಂದ ಕೀಲಿಗಳ ಸದ್ದು ಒಂದೇ ಸಮನೆ ಬರುತ್ತಿತ್ತು.

"ಯಾರಿಗೆ ಬರ್ಯಾಕತ್ತಾಳ? ನಿನಗರ ಹೇಳ್ಯಾಳೇನು?" ಅಂದಳು.

"ಇಲ್ಲವಾ."

"ಇಷ್ಟ ದಿವಸ ಅಕಿ ಹೇಳಿದ್ದು ಒಂದಕ್ಷರ ಬಿಡದಂಗ ಬರದೀನಿ. ನಾನೇನರ ತಪ್ಪು ಬರೀತಿದ್ನೇನು? ಇಲ್ಲಾ ಓದೂವಾಗ ಏನರ ಬಿಟ್ಟು ಓದೀನಂತ ಅನಿಸಿತೇನು ಅಕಿಗೆ?"

ಅವಳ ಕಣ್ಣಲ್ಲಿ ನೀರಿತ್ತು. ಕಲಘಟಗಿಯ ಗುಮಾಸ್ತರ ಕಥೆ ಹೇಳಿ ನಗಿಸೋಣ ಅಂದುಕೊಂಡೆ. ಬಾಯಿ ಬರಲಿಲ್ಲ. ಏಳು ವರ್ಷ ಅಕ್ಕನ ಕಣ್ಣಾಗಿದ್ದವಳನ್ನು ಮೊದಲ ಸಲ ಬಾಗಿಲಾಚೆ ಕೂರಿಸಿದ್ದು ನಾನು ಕೂಡಿಸಿದ ಯಂತ್ರ. ಅದರ ಹೆಮ್ಮೆಯೆಲ್ಲ ಆ ಹಿತ್ತಲಲ್ಲಿ ಇಳಿದುಹೋಯಿತು.

ಒಂದು ತಾಸು ಕಳೆದಿರಬೇಕು. ಸದ್ದು ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಬರೆದದ್ದನ್ನು ಕಿವಿಯಲ್ಲಿ ಓದಿಸಿಕೊಳ್ಳುತ್ತಿದ್ದಳೋ ಏನೋ.

"ತಂಗೀ" ಅಂತ ದೊಡ್ಡವ್ವ ಕರೆದಳು. ಅದು ಅವ್ವನನ್ನು ಕರೆಯುವ ಕರೆ. ಅವ್ವ ಮೊರ ಕೆಳಗಿಟ್ಟು ಓಡಿದಳು, ಹಿಂದೆ ನಾನು.

ಪರದೆ ಈಗ ಈ ಕಡೆ ತಿರುಗಿತ್ತು. ದೊಡ್ಡವ್ವ ಎದ್ದು ನಿಂತು, ತನ್ನ ಕುರ್ಚಿಯ ಬೆನ್ನು ಹಿಡಿದು, "ಕೂಡು" ಅಂದಳು.

"ಏನಾತಕ್ಕಾ? ನಿಂತತೇನು ಮತ್ತ?"

"ಇಲ್ಲ. ಬರದು ಮುಗೀತು. ನಿನಗ ಬರದದ್ದು."

ಅವ್ವನಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ನನಗೂ ಬೇಕಾಯಿತು.

"ನನಗ? ಮನ್ಯಾಗ ಇದ್ದಾಕಿಗೆ ಪತ್ರ ಯಾಕ? ಬಾಯಿಲೆ ಹೇಳಬಾರದಾ?"

"ಏಳು ವರ್ಷ ನೀ ನನಗ ಮಾಡಿದ್ದು ಬಾಯಿಲೆ ಹೇಳಾಕ ಬಂದಿದ್ರ ಹೇಳ್ತಿದ್ನಿ. ಬರಸಬೇಕಂದ್ರ ನಿನ್ನ ಕೈಲೇ ನಿನಗ ಹೆಂಗ ಬರಸಲಿ?"

ಅವ್ವ ಕುರ್ಚಿಯ ತುದಿಗೆ ಕೂತಳು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡಳು. ಪರದೆಯ ತುಂಬ ಅಕ್ಷರ. ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಾಗಿನ ಹಾಗೆಯೇ ಗಂಟಲು ಸರಿಮಾಡಿಕೊಂಡು, ಅಕ್ಕನ ಕಡೆ ಮುಖ ಮಾಡಿ, ಗಟ್ಟಿಯಾಗಿ ಓದಲು ಶುರುಮಾಡಿದಳು. "ನನ್ನ ತಂಗಿಗೆ..."

ದೊಡ್ಡವ್ವ ಅವಳ ಹೆಗಲ ಮೇಲೆ ಕೈಯಿಟ್ಟಳು.

"ಗಟ್ಟಿಯಾಗಿ ಬ್ಯಾಡ. ಮನಸಿನ್ಯಾಗ ಓದ್ಕೋ. ಇದು ನನಗಲ್ಲ, ನಿನಗ" ಅಂದಳು.

ಅವ್ವ ತುಟಿ ಮುಚ್ಚಿ, ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.